ಬಣ್ಣ ನಿಮ್ಮದು

ಸುಲ್ತಾನ್‌ಪೇಟೆಯ ಓಣಿಯಲ್ಲಿ ಕೊಂಡದ್ದು:
ಎಂಡಿಎಫ್ ಹಲಗೆ, ಮನೆಯಾಕಾರ, ಗೇಣಗಲ,
ಬೀಗದಕೈ ನೇತುಹಾಕಲು ಕೆಳಗೆ ಐದು ತೂತು.
ಚಹಾದಲ್ಲಿ ಅದ್ದಿದ ಬಿಸ್ಕತ್ತಿನ ಮೈ,
ಲೇಸರು ಕೊಯ್ದ ಅಂಚಿಗೆ ಸುಟ್ಟ ವಾಸನೆ.
‘ಎಪ್ಪತ್ತು ರೂಪಾಯಿ, ಬಣ್ಣ ನಿಮ್ಮದು’ ಎಂದ ಅಂಗಡಿ ಹುಡುಗ.

ಬಣ್ಣ ನನ್ನದು!
ಮೂವತ್ತೊಂದು ವರ್ಷ ನನಗಿದ್ದ ಬಣ್ಣ ಒಂದೇ,
ನೋಂದಣಿ ಕಚೇರಿಯ ಸ್ಟ್ಯಾಂಪ್ ಪ್ಯಾಡಿನ ನೇರಳೆ.
ಉಗುರ ಸಂದಿಯಲ್ಲಿ, ಸೆರಗಿನ ತುದಿಯಲ್ಲಿ,
ಒಮ್ಮೆ ಡಬ್ಬಿಯ ಮೊಸರನ್ನದಲ್ಲೂ.

ಲಿಂಗರಾಜಪುರದ ಗ್ಯಾರೇಜಿನಲ್ಲಿ ಶನಿವಾರ ಜಸಿಂತಾಳ ಪಾಠ.
ಕಾರು ಮಾರಿದ ಜಾಗದಲ್ಲಿ ಎರಡು ಮೇಜು,
ನೆಲದಲ್ಲಿ ಇನ್ನೂ ಎಣ್ಣೆಯ ಕಲೆ.
ಪಕ್ಕದಲ್ಲಿ ಮುಬೀನಾ, ಏಳು ತಿಂಗಳ ಬಸುರಿ,
ತೊಟ್ಟಿಲಿಗೆ ಕಟ್ಟುವ ಹಲಗೆ ಚಂದ್ರನಿಗೆ
ಹಳದಿ ಬಳಿಯುತ್ತಾಳೆ, ನಾಲಿಗೆ ಕಚ್ಚಿಕೊಂಡು.

‘ಮೊದಲು ಜೆಸ್ಸೋ. ಬಿಳಿ ಕುಡಿಸಿ.’
ಕುಡಿಸಿದೆ. ಮುಖ ಒಂದೇ ಗುಟುಕಿಗೆ ಸಾಕೆಂದಿತು,
ಅಂಚು ಮಾತ್ರ ಕುಡಿಯುತ್ತಲೇ ಹೋಯಿತು.
‘ಕೊಯ್ದ ಕಡೆ ದಾಹ ಜಾಸ್ತಿ ಆಂಟಿ, ಅಲ್ಲಿಗೆ ಮೂರು ಕೋಟ್ ಬೇಕು’
ಎಂದಳು ಜಸಿಂತಾ.
ಅವಳು ಹೇಳಿದ್ದು ಹಲಗೆಯ ಮಾತು.

ಆಮೇಲೆ ಅಚ್ಚು. ಜರೀಗಿಡದ ಎಲೆ, ರಬ್ಬರಿನದು.
ಒತ್ತಿದೆ
ಧಡ್!
ಬ್ರಷ್ಷಿನ ನೀರು ಉರುಳಿತು,
ಮುಬೀನಾ ಬೆಚ್ಚಿ ಹೊಟ್ಟೆ ಹಿಡಿದಳು,
ಎಲೆ ಇರಬೇಕಾದಲ್ಲಿ ಜಜ್ಜಿದ ನೇರಳೆ ಹಣ್ಣು.
‘ಇದು ಕ್ರಯಪತ್ರ ಅಲ್ಲ ಆಂಟಿ’ ಎಂದು ನಕ್ಕರು ಎಲ್ಲರೂ.
ನಾನೂ ನಕ್ಕೆ.

ಕೈಗೆ ಗೊತ್ತಿದ್ದುದೇ ಅಷ್ಟು.
ದಿನಕ್ಕೆ ನಾನೂರು ಧಡ್,
ಮನೆ ಮಾರಿದವರ ಕಾಗದಕ್ಕೆ, ಕೊಂಡವರ ಕಾಗದಕ್ಕೆ,
ತಂಗಿಯಿಂದ ಹಕ್ಕು ಬಿಡಿಸಿಕೊಂಡ ಅಣ್ಣನ ಕಾಗದಕ್ಕೆ.
ಆ ತಂಗಿ ಹೆಬ್ಬೆಟ್ಟಿನ ಮಸಿಯನ್ನು
ನಮ್ಮ ಕಚೇರಿಯ ಕಂಬಕ್ಕೆ ಒರೆಸಿ ಹೋದಳು.
ಎಷ್ಟೋ ಹೆಬ್ಬೆಟ್ಟು ಆ ಕಂಬದಲ್ಲಿ, ಎದೆಯೆತ್ತರಕ್ಕೆ,
ಒಂದರ ಮೇಲೊಂದು.
ಸುಣ್ಣ ಹೊಡೆದರೂ ಮಳೆಗಾಲಕ್ಕೆ ಮತ್ತೆ ಮೂಡುತ್ತಿದ್ದವು.

‘ಇಡಿ. ಗುದ್ದಬೇಡಿ, ಭಾರ ಬಿಡಿ.
ಮೂರು ಎಣಿಸಿ. ನೆಟ್ಟಗೆ ಮೇಲೆತ್ತಿ.’
ಒಂದು. ಎರಡು.
ಇಷ್ಟು ಹೊತ್ತು ಯಾವ ಮುದ್ರೆಯ ಮೇಲೂ ನನ್ನ ಕೈ ಇದ್ದಿಲ್ಲ.
ಮೂರು.
ಬಂತು ಎಲೆ, ನರನರವೂ,
ಎಡಗಡೆಯ ಒಂದು ಎಳೆ ಬಿಟ್ಟು.
ತಿದ್ದಹೋದೆ, ಜಸಿಂತಾ ಕೈ ಹಿಡಿದಳು.

ಉಳಿದದ್ದು ಮನೆಯಲ್ಲಿ, ನನ್ನ ಬುದ್ಧಿಗೆ ತೋಚಿದಂತೆ:
ಬೆಂಡೆಕಾಯಿ ಕೊಯ್ದು ಅದ್ದಿ, ಬಾಗಿಲ ಸುತ್ತ ಹೂವು.
ಮೊಟ್ಟೆ ಚಿಪ್ಪು ಪುಡಿಮಾಡಿ ಗೋಡೆಗೆ
(ಮೊಟ್ಟೆ ಕೆಳಗಿನ ಮನೆಯವರದು, ನಾವು ತಿನ್ನುವುದಿಲ್ಲ).
ಕರೆಂಟು ಬಿಲ್ಲು ಹರಿದು ಹೆಂಚು, ಅದರ ಮೇಲೆ
ಬ್ಲೌಸಿನ ತೋಳಿನಿಂದ ಬಿಚ್ಚಿದ ಜರಿ.
ಬಿಲ್ಲಿನ ಅಂಕಿಗಳು ಅಲ್ಲಲ್ಲಿ ಇಣುಕಲಿ ಎಂದು
ಬಣ್ಣ ತೆಳುವಾಗಿಯೇ ಎಳೆದೆ.

ಅಂಚಿಗೆ ಮೂರನೇ ಕೋಟ್, ನೇರಳೆ.
ಬೇರೆ ಬಣ್ಣವೂ ಇತ್ತು. ಇರಲಿ.

ನೇತುಹಾಕುವಂತಿಲ್ಲ, ಬಾಡಿಗೆ ಮನೆ.
ಗೋಡೆಗೆ ಮೊಳೆ ಹೊಡೆಯಕೂಡದೆಂದು
ಕರಾರಿನ ಏಳನೇ ಕಲಮು.
ಊರವರ ಸೈಟಿಗೆಲ್ಲ ಮುದ್ರೆ ಹಾಕಿದವಳ ಮನೆ
ಫ್ರಿಜ್ಜಿನ ಮೇಲೆ, ಉಪ್ಪಿನಕಾಯಿ ಭರಣಿಗೆ ಒರಗಿ ನಿಂತಿದೆ.
ತೂತು ಐದು, ನನ್ನ ಬೀಗದಕೈ ಒಂದು.

ಐದನೇ ತಾರೀಕು ಬಾಡಿಗೆಗೆ ಬಂದ ಓನರ್ ಸದಾಶಿವಯ್ಯ
ಕನ್ನಡಕ ಏರಿಸಿ ನೋಡಿದರು.
‘ಪರವಾಗಿಲ್ವೇ, ಎಷ್ಟಾಯ್ತು ಮನೆ?’
‘ಎಪ್ಪತ್ತು’ ಅಂದೆ.
ಎತ್ತಿಕೊಂಡರು. ಅಂಚು ಇನ್ನೂ ಹಸಿ.
ಹೆಬ್ಬೆಟ್ಟಿಗೆ ಹತ್ತಿದ ನೇರಳೆಯನ್ನು
ಎಲ್ಲಿ ಒರೆಸುವುದೆಂದು ಸುತ್ತ ನೋಡಿದರು.
ಗೋಡೆ ಅವರದೇ.

ಬಟ್ಟೆ ಕೊಟ್ಟೆ,
ಸ್ವಲ್ಪ ತಡಮಾಡಿ.